ಕನ್ಸಲ್ಟೆನ್ಸಿ ಬಿಟ್ಟ ಮೇಲೆ

14 ಮಾರ್ಚ್ 2025, ಶುಕ್ರವಾರ

ಬೇರೆ ಕಂಪನಿಗಳಿಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿ ಬಿಟ್ಟು, ಈಗ ಒಂದು ಕಂಪನಿಯೊಳಗೇ ರಿಕ್ರೂಟರ್ ಆಗಿದ್ದೇನೆ. ಬೆಳಿಗ್ಗೆ ಹೈರಿಂಗ್ ಮ್ಯಾನೇಜರ್ ಒಬ್ಬರ ಜೊತೆ ಕೂತಿದ್ದೆ. ಅವರ ಟೀಮಿನಲ್ಲಿ ಒಬ್ಬರು ಪೇಪರ್ ಹಾಕಿದ್ದಾರೆ, ಆ ಜಾಗಕ್ಕೆ ಜನ ಬೇಕು. ಕಳಿಸಿದ್ದ ಜೆಡಿಯಲ್ಲಿ (ಹುದ್ದೆಗೆ ಏನೇನು ಬೇಕು ಅಂತ ಬರೆದ ವಿವರ) 12 ಸ್ಕಿಲ್. ಓದಿದರೆ, ಬಿಟ್ಟು ಹೋಗುತ್ತಿರುವವರ ರೆಸ್ಯೂಮೆಯನ್ನೇ ಎತ್ತಿ ಅಂಟಿಸಿದ ಹಾಗಿತ್ತು.

"ಸರ್, ಹೊಸಬರು ಬಂದು ಮೊದಲ ಮೂರು ತಿಂಗಳಲ್ಲಿ ಯಾವ ಕೆಲಸ ಮುಗಿಸಿಕೊಟ್ಟರೆ ನಿಮಗೆ ಸಮಾಧಾನ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸ್ಕ್ರೀನ್ ನೋಡುತ್ತಾ ಕೂತರು. "ಇದನ್ನ ನಾವೇ ಕಲಿಸಬಹುದು ಬಿಡಿ" ಅಂತ ಒಂದು ಹೊಡೆದು ಹಾಕಿದರು. ಆಮೇಲೆ ಇನ್ನೊಂದು. ಎದ್ದು ಹೋಗುವ ಹೊತ್ತಿಗೆ ನಾಲ್ಕೇ ಉಳಿದಿದ್ದವು.

ಕನ್ಸಲ್ಟೆನ್ಸಿಯಲ್ಲಿ ಈ ಪ್ರಶ್ನೆ ಕೇಳುವ ಅವಕಾಶವೇ ಇರುತ್ತಿರಲಿಲ್ಲ. ಕ್ಲೈಂಟ್ ಕಡೆಯಿಂದ ಜೆಡಿ ಬರುತ್ತಿತ್ತು. ಅದೇ ಜೆಡಿ ಬೇರೆ ಕನ್ಸಲ್ಟೆನ್ಸಿಗಳಿಗೂ ಹೋಗಿರುತ್ತಿತ್ತು. ಒಬ್ಬರದೇ ಪ್ರೊಫೈಲನ್ನು ಇಬ್ಬರು ಕಳಿಸಿದರೆ, ಸಾಮಾನ್ಯವಾಗಿ ಯಾರು ಮೊದಲು ಕಳಿಸಿದರೋ ಅವರಿಗೇ ಆ ಕ್ಯಾಂಡಿಡೇಟ್. ಹಾಗಾಗಿ ಪೂರ್ತಿ ಓದುವ ಮೊದಲೇ ಹುಡುಕಾಟ ಶುರು. ಇದನ್ನು ಸೋಮಾರಿತನ ಅಂದರೆ ನಾನು ಒಪ್ಪಲ್ಲ. ಕ್ಯಾಂಡಿಡೇಟ್ ಸೇರಿದರೆ ಮಾತ್ರ ಫೀಸು, ಅದೂ ಮೊದಲ ವರ್ಷದ ಸಂಬಳದ ಮೇಲೆ ಇಂತಿಷ್ಟು ಪರ್ಸೆಂಟ್. 60 ಅಥವಾ 90 ದಿನದೊಳಗೆ ಬಿಟ್ಟು ಹೋದರೆ ಬೇರೆಯವರನ್ನು ಪುಕ್ಕಟೆ ಹುಡುಕಿಕೊಡಬೇಕು. ಆ ಲೆಕ್ಕದಲ್ಲಿ ಯಾರು ಕೆಲಸ ಮಾಡಿದರೂ ಓಡಲೇಬೇಕು.

ಕಂಪನಿಯೊಳಗೆ ಬಂದರೆ ಆರಾಮ ಅಂತ ಹಳೇ ಸಹೋದ್ಯೋಗಿಗಳು ಅಂದುಕೊಂಡಿದ್ದಾರೆ. ಟಾರ್ಗೆಟ್ ಇಲ್ಲ ಅಲ್ವಾ ಅಂತಾರೆ. ಇನ್ಸೆಂಟಿವ್ ಕೂಡ ಇಲ್ಲ ಕಣ್ರೀ! ತಿಂಗಳಿಗೆ ಬರುವುದು ಅಷ್ಟೇ, ಎಷ್ಟು ಜನರನ್ನು ಸೇರಿಸಿದರೂ ಅಷ್ಟೇ. ಇಲ್ಲಿನ ಒತ್ತಡವೇ ಬೇರೆ. ಹುದ್ದೆಗೆ ಫೈನಾನ್ಸ್‌ನಿಂದ ಒಪ್ಪಿಗೆ ಬರಬೇಕು. ಒಪ್ಪಿಗೆ ಸಿಕ್ಕಿ, ಇಂಟರ್‌ವ್ಯೂ ಎಲ್ಲಾ ಆದ ಮೇಲೆ "ಈ ಕ್ವಾರ್ಟರ್ ಬೇಡ" ಅಂದುಬಿಟ್ಟರೆ, ಕಾಯುತ್ತಿರುವವರಿಗೆ ಫೋನ್ ಮಾಡಿ ಹೇಳುವವಳು ನಾನೇ. ಕ್ಲೈಂಟ್ ಹಿಂಗಂದ್ರು ಅಂತ ಜಾರಿಕೊಳ್ಳಲು ಈಗ ಕ್ಲೈಂಟ್ ಇಲ್ಲ.

ಸಂಬಳದ ಮಾತೂ ಹಾಗೆಯೇ. ಮೊದಲೆಲ್ಲಾ ಕ್ಯಾಂಡಿಡೇಟ್ ಜಾಸ್ತಿ ಕೇಳಿದರೆ ನನಗೆ ಖುಷಿ, ಸಂಬಳ ಏರಿದರೆ ಫೀಸೂ ಏರುತ್ತದೆ. ಈಗ ಮೊದಲು ನೋಡುವುದು ಅದೇ ಟೀಮಿನಲ್ಲಿ ಅಷ್ಟೇ ಅನುಭವ ಇರುವವರಿಗೆ ಎಷ್ಟು ಬರುತ್ತಿದೆ ಅಂತ. ಹೊಸಬರಿಗೆ ಧಾರಾಳವಾಗಿ ಕೊಟ್ಟು ಸೇರಿಸಿಕೊಂಡರೆ, ವಿಷಯ ಗೊತ್ತಾದ ದಿನ ಹಳಬರು ಪೇಪರ್ ಹಾಕುತ್ತಾರೆ. ಆ ಜಾಗ ತುಂಬುವ ಕೆಲಸವೂ ನನ್ನ ತಲೆಗೇ.

ಮಧ್ಯಾಹ್ನದ ಕೆಲಸ ಕಷ್ಟದ್ದಿತ್ತು. ಒಂದು ಹುದ್ದೆಗೆ ನಮ್ಮ ಕಂಪನಿಯವರೇ ಒಬ್ಬರು ಅರ್ಜಿ ಹಾಕಿದ್ದರು, ಆಯ್ಕೆ ಆಗಲಿಲ್ಲ. ಹೊರಗಿನವರಾಗಿದ್ದರೆ ಒಂದು ಮೇಲ್ ಸಾಕಾಗುತ್ತಿತ್ತೇನೋ. ಇವರನ್ನು ದಿನಾ ಲಿಫ್ಟಿನಲ್ಲಿ ನೋಡುತ್ತೇನೆ. ಕರೆದು ಕೂರಿಸಿ, ಪ್ಯಾನೆಲ್ ಬರೆದ ಫೀಡ್‌ಬ್ಯಾಕ್ ಮುಂದಿಟ್ಟುಕೊಂಡು, ಎಲ್ಲಿ ಕಡಿಮೆ ಬಿತ್ತು ಅಂತ ಬಿಡಿಸಿ ಹೇಳಿದೆ. "ಮೇಡಂ, ಮುಂದಿನ ಸಲ ಹಾಕಬಹುದಾ, ಸುಮ್ನೆ ಬಿಟ್ಟುಬಿಡಲಾ?" ಅಂತ ಕೇಳಿದರು. ಹಾಕಿ ಅಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಅವರಿಗೆ ಇಲ್ಲದ್ದು ಟೀಮ್ ನಡೆಸಿದ ಅನುಭವ ಒಂದೇ. ಅವರ ಮ್ಯಾನೇಜರ್ ಹತ್ತಿರ ಮಾತಾಡಿ ಒಂದು ಸಣ್ಣ ಪ್ರಾಜೆಕ್ಟ್ ಕೊಡಿಸಲು ಆಗುತ್ತಾ ನೋಡಬೇಕು.

ಸಂಜೆ ಹಳೇ ಆಫೀಸಿನ ಗೆಳತಿಯ ಮೆಸೇಜು. ಅವಳಿಗೂ ಇನ್-ಹೌಸ್, ಅಂದರೆ ನನ್ನ ಹಾಗೆ ಕಂಪನಿಯೊಳಗಿನ ರಿಕ್ರೂಟರ್ ಕೆಲಸಕ್ಕೆ, ಇಂಟರ್‌ವ್ಯೂ ಬಂದಿದೆಯಂತೆ. ತಾನು ಎಷ್ಟು ಬಿಸಿನೆಸ್ ತಂದೆ ಅನ್ನೋದನ್ನೇ ರೆಸ್ಯೂಮೆಯ ತಲೆಗೆ ಇಟ್ಟಿದ್ದಾಳೆ. ಫೋನ್ ಮಾಡಿ ಅದನ್ನು ಕೆಳಗೆ ಹಾಕು ಮಾರಾಯ್ತಿ ಅಂದೆ. ಅವರಿಗೆ ಬೇಕಾದದ್ದು ಬೇರೆ. ಹುದ್ದೆ ತುಂಬಲು ಎಷ್ಟು ದಿನ ಹಿಡಿಯಿತು, ಕೊಟ್ಟ ಆಫರ್‌ಗಳಲ್ಲಿ ಎಷ್ಟು ಜನ ಒಪ್ಪಿದರು, ಸೇರಿದವರು ವರ್ಷ ಕಳೆದ ಮೇಲೂ ಇದ್ದಾರಾ. ಕ್ಲೈಂಟ್‌ಗೆ ಒಮ್ಮೆಯಾದರೂ "ಈ ಜೆಡಿಗೆ ಜನ ಸಿಗಲ್ಲ, ಬದಲಾಯಿಸಿ" ಅಂತ ಹೇಳಿದ್ದರೆ ಆ ಕಥೆಯನ್ನೇ ಮೊದಲು ಹೇಳು ಅಂದೆ. ನಿನ್ನ ಈಗಿನ ಕಾಂಟ್ರಾಕ್ಟ್ ತೆಗೆದು ಓದು ಅಂತಲೂ ಹೇಳಿದೆ. ಕ್ಲೈಂಟ್ ಕಂಪನಿಗೇ ಸೇರಬಾರದು ಅಂತ ಎಷ್ಟೋ ಕಡೆ ಬರೆಸಿಕೊಂಡಿರುತ್ತಾರೆ.

"ಫೋನ್ ಹಿಡಿದರೆ ಎಂಥವರನ್ನೂ ಮಾತಾಡಿಸುತ್ತೀನಿ, ಅದಕ್ಕೆ ಬೆಲೆ ಇಲ್ವಾ?" ಅಂದಳು. ಇದೆ, ಬೇಕಾದಷ್ಟಿದೆ. ಅರ್ಜಿ ಬರಲಿ ಅಂತ ಕಾಯುತ್ತಾ ಕೂರುವ ರಿಕ್ರೂಟರ್‌ಗಳು ಇಲ್ಲಿ ಜಾಸ್ತಿ. ಆ ವಿಷಯದಲ್ಲಿ ಕನ್ಸಲ್ಟೆನ್ಸಿಯಲ್ಲಿ ಪಳಗಿದವರನ್ನು ಮೀರಿಸುವವರಿಲ್ಲ, ಇದು ನನ್ನ ಅಭಿಮಾನ ಅಂತಲೇ ಇಟ್ಟುಕೊಳ್ಳಿ.

ಸೋಮವಾರ ಆ ನಾಲ್ಕು ಸ್ಕಿಲ್‌ನ ಜೆಡಿ ಹಾಕಬೇಕು. ಅಷ್ಟರೊಳಗೆ ಮ್ಯಾನೇಜರ್ ಐದನೆಯದೊಂದು ಸೇರಿಸಿ ಮೇಲ್ ಕಳಿಸುತ್ತಾರೆ ಅಂತ ನನಗೆ ಗುಮಾನಿ.