ಇಲಾಖೆಗೆ ಬಾರದ ಬಸ್ಸು

“ಇದ್ರಾಗೆ ನಮ್ ಬಸ್ಸು ಎಲ್ಲಿ ನಿಲ್ತೈತೆ ಸಾಮಿ?”

ಮೊನ್ನೆ ಮಂಗಳವಾರ ನಮ್ಮ ತಾಲ್ಲೂಕಿನ ಹೊಸ ಆಸ್ಪತ್ರೆಯ ಬಗ್ಗೆ ಕರೆದಿದ್ದ ಸಾರ್ವಜನಿಕ ಸಭೆಯಲ್ಲಿ ಹಿಂದಿನ ಸಾಲಿನಿಂದ ಎದ್ದ ಒಬ್ಬ ಹೆಂಗಸು ಕೇಳಿದ ಪ್ರಶ್ನೆ ಇದು. ಪರದೆಯ ಮೇಲೆ 100 ಹಾಸಿಗೆಗಳ ಕಟ್ಟಡದ ನಕ್ಷೆ ಬಣ್ಣಬಣ್ಣವಾಗಿ ಬಿದ್ದಿತ್ತು. ಹೊರರೋಗಿ ವಿಭಾಗ, ಹೆರಿಗೆ ವಾರ್ಡು, ಡಯಾಲಿಸಿಸ್ ಘಟಕ, ಶವಾಗಾರ, ಜನರೇಟರ್ ಕೋಣೆ, ಎಲ್ಲವೂ ಅದರಲ್ಲಿದ್ದವು. ನಕ್ಷೆ ಕಾಂಪೌಂಡ್ ಗೋಡೆಯ ಹತ್ತಿರ ಮುಗಿದಿತ್ತು. ಎಂಜಿನಿಯರ್ ಸಾಹೇಬರು ಒಂದು ಕ್ಷಣ ಪರದೆಯನ್ನೂ ಒಂದು ಕ್ಷಣ ಆಕೆಯನ್ನೂ ನೋಡಿ, “ಬಸ್ಸು ನಮ್ಮ ಇಲಾಖೆಗೆ ಬರೋದಿಲ್ಲಮ್ಮ” ಎಂದರು.

“ಇಲಾಖೆಗೆ ಬರೋದು ಬ್ಯಾಡ ಸಾಮಿ, ಆಸ್ಪತ್ರೆಗೆ ಬಂದ್ರೆ ಸಾಕು.”

ಸಭೆ ನಕ್ಕಿತು. ವೇದಿಕೆಯ ಮೇಲಿದ್ದವರೂ ನಕ್ಕರು. ಆಕೆ ಮಾತ್ರ ನಗಲಿಲ್ಲ; ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಂತಿದ್ದು ಆಮೇಲೆ ಕುಳಿತರು. ಆಕೆ ತಮಾಷೆ ಮಾಡಿರಲಿಲ್ಲ ಎಂಬುದು ನನಗೆ ಬಸ್ ನಿಲ್ದಾಣದ ಕಡೆ ನಡೆಯುತ್ತಿರುವಾಗ ಸ್ಪಷ್ಟವಾಯಿತು.

ಈಗಿರುವ ಆಸ್ಪತ್ರೆ ಹಳೆಯದು, ಇಕ್ಕಟ್ಟಿನದು, ಮಳೆಗಾಲದಲ್ಲಿ ಸೋರುವಂಥದು. ಆದರೆ ಅದು ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿದೆ. ಹೊಸದು ಬರುವುದು ಬೈಪಾಸ್ ದಾಟಿ ಇರುವ ಗೋಮಾಳದಲ್ಲಿ. ಹಳ್ಳಿಯ ಹೆಂಗಸರು ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ರೇಷ್ಮೆಹುಳುವಿಗೆ ಸೊಪ್ಪು ಕೊಟ್ಟು, ಅದಾದ ಮೇಲೆ ಸಿಗುವ ಬಸ್ಸು ಹತ್ತಿ ಊರು ತಲುಪುವಷ್ಟರಲ್ಲಿ ಹೊರರೋಗಿ ಚೀಟಿಯ ಸಾಲು ಬೆಳೆದಿರುತ್ತದೆ. ಸಂಜೆ ಮತ್ತೆ ಹಾಲು ಕರೆಯುವ ಹೊತ್ತಿಗೆ ಅವರು ಮನೆಯಲ್ಲಿರಬೇಕು. ಈ ಎರಡು ಹಾಲಿನ ನಡುವೆ ಅವರ ಕಾಯಿಲೆಗೆ ಸಿಗುವ ಸಮಯವನ್ನು ಯಾವ ನಕ್ಷೆಯೂ ಅಳೆದಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಚಿಕಿತ್ಸೆಗೂ ಹಣವಿಲ್ಲ. ಆದರೆ ಈ ಎರಡರ ನಡುವಿನ ನಾಲ್ಕು ಕಿಲೋಮೀಟರಿಗೆ ಆಟೋದವನು ಕೇಳಿದ್ದನ್ನು ಕೊಡಬೇಕು. 108ಕ್ಕೆ ಕರೆ ಮಾಡಿ ಎನ್ನುವವರು ಅದು ತುರ್ತು ಸಂದರ್ಭಕ್ಕೆ ಇರುವ ವಾಹನವೆಂದೂ, ಮಂಡಿನೋವಿಗೆ ತಿಂಗಳ ಮಾತ್ರೆ ತರಲು ಬರುವಂಥದಲ್ಲವೆಂದೂ ಮರೆತಿರುತ್ತಾರೆ.

ಎಂಜಿನಿಯರ್ ಕೆಟ್ಟವರಲ್ಲ. ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಕೊಟ್ಟವರು ವೇದಿಕೆಯ ಮೇಲೆ ಅವರೊಬ್ಬರೇ. ಅವರ ಇಲಾಖೆಗೆ ಬಸ್ಸು ಬರುವುದಿಲ್ಲ ಎಂಬುದೂ ನಿಜವೇ. ಕಟ್ಟಡ ಒಬ್ಬರದು, ವೈದ್ಯರು ಇನ್ನೊಬ್ಬರಿಗೆ ಸೇರಿದವರು, ಬಸ್ಸು ಮತ್ತೊಬ್ಬರದು, ನೀರು ಪುರಸಭೆಯದು ಎಂದು ಹಂಚಿಕೊಂಡಿರುವ ವ್ಯವಸ್ಥೆಯಲ್ಲಿ ಇಡೀ ಆಸ್ಪತ್ರೆಯನ್ನು ಒಂದಾಗಿ ಕಾಣುವವನು ರೋಗಿ ಮಾತ್ರ, ಮತ್ತು ಅವನನ್ನು ಕರೆಯುವುದು ಎಲ್ಲ ತೀರ್ಮಾನವಾದ ಮೇಲೆ. ಲಗ್ನಪತ್ರಿಕೆ ಹಂಚಿಯಾದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ ಆ ಸಭೆ ನಡೆಯಿತು.

ಆ ದಿನ ಹೆಚ್ಚು ಹೊತ್ತು ಹಿಡಿದದ್ದು ಆಸ್ಪತ್ರೆಗೆ ಯಾರ ಹೆಸರು ಇಡಬೇಕೆಂಬ ಚರ್ಚೆ. ಇಬ್ಬರು ಮುಖಂಡರು ಪೈಪೋಟಿಗೆ ಬಿದ್ದು ತಮ್ಮ ತಮ್ಮ ಹಿರಿಯರನ್ನು ಹೊಗಳಿದರು. ಜನರ ಮಾತೆಲ್ಲ ಜಾಣ ಮಾತು ಎಂದು ನಾನು ನಂಬುವವನಲ್ಲ. ಬೈಪಾಸ್ ಬದಿಯಲ್ಲಿ ನಿವೇಶನ ಮಾಡಿ ಮಾರುತ್ತಿರುವ ಮಹನೀಯರೊಬ್ಬರು “ಗಾಳಿ ಬೆಳಕು ಚೆನ್ನಾಗಿರುವ ಜಾಗ” ಎಂದು ಗೋಮಾಳವನ್ನು ಕೊಂಡಾಡಿದಾಗ ಅವರ ಗಾಳಿ ಬೆಳಕಿನ ಅರ್ಥ ಸಭೆಗೆಲ್ಲ ತಿಳಿದಿತ್ತು. ಆದರೆ ಇವರ ಗದ್ದಲದ ಮಧ್ಯೆ ಇನ್ನೊಂದು ಮಾತು ಬಂತು. ಪಕ್ಕದ ಸರ್ವೆ ನಂಬರಿನ ರೈತರೊಬ್ಬರು ಎದ್ದು, ಆ ಗೋಮಾಳದ ದಿಣ್ಣೆಯ ಸುತ್ತ ತಾವು ಮತ್ತು ತಮ್ಮ ಅಣ್ಣ ತಮ್ಮಂದಿರು ಕೊರೆಸಿದ ಬೋರ್‌ವೆಲ್‌ಗಳೆಲ್ಲ ಬತ್ತಿವೆ ಎಂದರು. ಯಾರೂ ನಗಲಿಲ್ಲ, ಯಾರೂ ಬರೆದುಕೊಳ್ಳಲೂ ಇಲ್ಲ.

ಭಾರತೀಯ ಮಾನಕದ ಲೆಕ್ಕದಂತೆ 100 ಹಾಸಿಗೆಗಳವರೆಗಿನ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 340 ಲೀಟರ್ ನೀರು ಬೇಕು. ಅಂದರೆ ದಿನಕ್ಕೆ 34,000 ಲೀಟರ್, ನಮ್ಮ ಕಡೆಯ ಟ್ಯಾಂಕರ್‌ಗಳಲ್ಲಿ ಆರೇಳು ಲೋಡು. ಡಯಾಲಿಸಿಸ್‌ನಲ್ಲಿ ಒಬ್ಬ ರೋಗಿಗೆ ನಾಲ್ಕು ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಹರಿಯಬೇಕು. ಅಷ್ಟು ಶುದ್ಧ ನೀರು ತೆಗೆಯಲು ಅದಕ್ಕಿಂತ ಹೆಚ್ಚಿನ ನೀರನ್ನು ಯಂತ್ರಕ್ಕೆ ಬಿಡಬೇಕು. ವರ್ಷವಿಡೀ ಹರಿಯುವ ನದಿಯೇ ಇಲ್ಲದ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರಿನಿಂದ ಕೆರೆ ತುಂಬಿಸಿಕೊಳ್ಳುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಜಾಗ ಗುರುತಿಸುವ ಮೊದಲು ಕೇಳಬೇಕಾದ ಮಾತನ್ನು ಆ ರೈತರು ಜಾಗ ಗುರುತಿಸಿಯಾದ ಮೇಲೆ, ಅದೂ ಊಟದ ಹೊತ್ತಿಗೆ ಹೇಳಬೇಕಾಯಿತು. ಆಳದ ಬೋರಿನಲ್ಲಿ ನೀರು ಸಿಕ್ಕರೂ ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಬೇಕು. ಆ ನೀರನ್ನೇ ಕುಡಿದು ಮಂಡಿ ಬಗ್ಗಿಸಲಾಗದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ; ನಕ್ಷೆಯಲ್ಲಿ ಮೂಳೆ ವಿಭಾಗ ಮೊದಲ ಮಹಡಿಯಲ್ಲಿತ್ತು.

ಅಲ್ಲಿ ಕುಳಿತಿದ್ದ ಆಶಾ ಕಾರ್ಯಕರ್ತೆಯರನ್ನು ಯಾರಾದರೂ ಕೇಳಿದ್ದರೆ ಅವರು ಇನ್ನೂ ಹೇಳುತ್ತಿದ್ದರು. ಅವರಲ್ಲಿ ಒಬ್ಬರು ಹೊರಗೆ ಟೀ ಕುಡಿಯುವಾಗ ನನಗೆ ಹೇಳಿದ್ದು ಹೆರಿಗೆ ವಾರ್ಡಿನ ವಿಷಯ. ಹೆರಿಗೆಯಾದ ಮೇಲೆ 48 ಗಂಟೆ ಆಸ್ಪತ್ರೆಯಲ್ಲಿರಬೇಕೆಂದು ಸರ್ಕಾರವೇ ಹೇಳುತ್ತದೆ, ಸಿಸೇರಿಯನ್ ಆದರೆ ಇನ್ನೂ ಹೆಚ್ಚು. ಬಾಣಂತಿಗೆ ಹಾಸಿಗೆಯುಂಟು. ಜೊತೆಗೆ ಬಂದ ತಾಯಿ ಅಥವಾ ಅತ್ತೆ ಮಲಗುವುದು ಕಾರಿಡಾರಿನಲ್ಲಿ, ಬಿಸಿನೀರಿಗೆ ಹೋಗುವುದು ಎದುರಿನ ಹೋಟೆಲಿಗೆ. ಗೋಮಾಳದಲ್ಲಿ ಎದುರಿಗೆ ಹೋಟೆಲೂ ಇರುವುದಿಲ್ಲ. ಇನ್ನು ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕಗಳಲ್ಲಿ ಗೂಡು ಬೇಯಿಸುವ ಹಬೆಯಲ್ಲೇ ದಿನ ಕಳೆಯುವವರ ಉಬ್ಬಸ, ಬಿಸಿನೀರಿನಲ್ಲಿ ನೆನೆದು ಸುಲಿದ ಬೆರಳುಗಳು: ಇವು ಈ ತಾಲ್ಲೂಕಿನ ಕಸುಬಿನ ಕಾಯಿಲೆಗಳು. ಆ ಜನ ಕೆಲಸ ಬಿಟ್ಟು ಬರಲು ಆಗುವುದು ಸಂಜೆ. ಸಂಜೆಯ ಹೊರರೋಗಿ ವಿಭಾಗ ಇರುತ್ತದೆಯೇ ಎಂಬುದಕ್ಕೆ ಇಟ್ಟಿಗೆ ಸಿಮೆಂಟು ಬೇಕಿಲ್ಲ, ಒಂದು ಆದೇಶ ಸಾಕು. ವೇದಿಕೆಯ ಮೇಲಿದ್ದ ವೈದ್ಯರು ಇದನ್ನೆಲ್ಲ ಚೆನ್ನಾಗಿ ಬಲ್ಲವರು. ಅವರು ಇಡೀ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಮೇಲಧಿಕಾರಿಗಳ ಮುಂದೆ ಅವರ ಮೌನ ನನಗೆ ಅರ್ಥವಾಗುತ್ತದೆ, ಹಿಡಿಸುವುದಿಲ್ಲ.

ಹಳ್ಳಿಹಳ್ಳಿಗೂ ಆರೋಗ್ಯ ಸಮಿತಿ ಇರಬೇಕೆಂದು, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ ಹೇಳಿದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. ತಮ್ಮ ಆರೋಗ್ಯ ಸೇವೆಯನ್ನು ಯೋಜಿಸುವುದರಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಪ್ರಾಥಮಿಕ ಆರೋಗ್ಯದ ಅಂತರರಾಷ್ಟ್ರೀಯ ಸಮ್ಮೇಳನದ ಅಲ್ಮಾ ಆಟಾ ಘೋಷಣೆ 1978ರಲ್ಲೇ ಹೇಳಿದೆ. ನಮ್ಮಲ್ಲಿ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ, ಹಳ್ಳಿಗೆ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ. ಸಮಿತಿಗಳಿಗೆ ಬರವಿಲ್ಲ. ಆದರೆ ಅವುಗಳ ಮುಂದೆ ಬರುವುದು ಸುಣ್ಣ ಬಣ್ಣ, ಫ್ಯಾನು, ಫಿನಾಯಿಲು, ಚರಂಡಿ. ಆಸ್ಪತ್ರೆ ಎಲ್ಲಿರಬೇಕು, ಯಾವ ಹೊತ್ತಿನಲ್ಲಿ ತೆರೆದಿರಬೇಕು ಎಂಬ ಪ್ರಶ್ನೆಗಳು ಅವರ ಮಟ್ಟಕ್ಕೆ ದೊಡ್ಡವು ಎಂದು ಯಾರೋ ಎಲ್ಲೋ ತೀರ್ಮಾನಿಸಿದ್ದಾರೆ. ಗೋಮಾಳವನ್ನು ಆರಿಸಿದವರ ಕಷ್ಟವೂ ಇದೆ: ಊರೊಳಗೆ ಅಷ್ಟು ಸರ್ಕಾರಿ ಜಾಗವಿಲ್ಲ, ಖಾಸಗಿ ಜಮೀನು ಕೊಳ್ಳುವುದೆಂದರೆ ಹಣವೂ ಬೇಕು, ವರ್ಷಗಳೂ ಬೇಕು. ಬೇರೆ ದಾರಿಯಿಲ್ಲ ಎಂದಾದರೆ ಅಲ್ಲೇ ಕಟ್ಟಲಿ. ಆದರೆ ಕಟ್ಟುವ ದಿನವೇ ಬಸ್ಸಿನ ಮಾರ್ಗವೂ ನಿಶ್ಚಯವಾಗಬೇಕು, ಹಳೆಯ ಕಟ್ಟಡವನ್ನು ಮುಚ್ಚದೆ ಅಲ್ಲೊಂದು ಹೊರರೋಗಿ ವಿಭಾಗವನ್ನಾದರೂ ಉಳಿಸಬೇಕು.

ನಿನ್ನೆ ಸಭೆಯ ನಡಾವಳಿಯ ಪ್ರತಿ ಕೈಗೆ ಸಿಕ್ಕಿತು. “ಸಾರ್ವಜನಿಕರು ಯೋಜನೆಯನ್ನು ಹರ್ಷದಿಂದ ಸ್ವಾಗತಿಸಿದರು” ಎಂದಿದೆ. ಹೆಸರಿನ ಚರ್ಚೆಗೆ ಒಂದು ಪುಟ ಸಿಕ್ಕಿದೆ. ಬಸ್ಸಿಗೆ, ಬೋರಿಗೆ, ಕಾರಿಡಾರಿನಲ್ಲಿ ಮಲಗುವವರಿಗೆ ಒಂದು ಸಾಲೂ ಇಲ್ಲ. ಆ ಹೆಂಗಸಿನ ಊರಿನವರೂ ನಾವು ಕೆಲವರೂ ಸೇರಿ ಈ ಮೂರನ್ನೂ ಬರೆದು, ನಡಾವಳಿಗೆ ಸೇರಿಸಬೇಕೆಂದು ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಒಂದು ಪ್ರತಿ ಬಸ್ ಡಿಪೊ ವ್ಯವಸ್ಥಾಪಕರಿಗೂ ಹೋಗಿದೆ. ಈ ಮಧ್ಯೆ ಎಂಜಿನಿಯರ್ ಸಾಹೇಬರು ತಾವಾಗಿಯೇ ಫೋನ್ ಮಾಡಿ ಆ ರೈತರ ನಂಬರ್ ಕೇಳಿದರು. ಮುಂದಿನ ವಾರ ಭೂಗರ್ಭ ಶಾಸ್ತ್ರಜ್ಞರೊಬ್ಬರನ್ನು ದಿಣ್ಣೆಗೆ ಕರೆದುಕೊಂಡು ಹೋಗುತ್ತಾರಂತೆ. ಬಸ್ಸಿನ ಬಗ್ಗೆ ಕೇಳಿದೆ; ಅದಕ್ಕೆ ಡಿಪೊದವರನ್ನೇ ಕೇಳಬೇಕು ಎಂದರು.