ಎರಡೇ ಆಲ್ಬಮ್ ಮಾಡಿದ ಏಮಿ ವೈನ್‌ಹೌಸ್‌ಗೆ ಇಷ್ಟೊಂದು ಹೆಸರು ಯಾಕೆ?

ಈ ಪ್ರಶ್ನೆಯ ಬಾಲಕ್ಕೆ ಸಾಮಾನ್ಯವಾಗಿ ಇನ್ನೊಂದು ಮಾತೂ ಅಂಟಿಕೊಂಡಿರುತ್ತದೆ: "ಚಿಕ್ಕ ವಯಸ್ಸಲ್ಲೇ ಸತ್ತಳಲ್ಲ, ಅದಕ್ಕೇ ತಾನೆ?" ಹಾಗಾಗಿ ಮೊದಲು ತಾರೀಖು ನೋಡೋಣ. ಬ್ರಿಟನ್ನಿನ ಈ ಗಾಯಕಿ ಸತ್ತದ್ದು 2011ರ ಜುಲೈ 23ರಂದು. ಒಂದೇ ರಾತ್ರಿ ಐದು ಗ್ರ್ಯಾಮಿ ಪ್ರಶಸ್ತಿ ಬಂದದ್ದು 2008ರ ಫೆಬ್ರವರಿಯಲ್ಲಿ. ಹೆಸರು ಮೊದಲು, ಸಾವು ಆಮೇಲೆ.

ನನ್ನ ಉತ್ತರ ಚಿಕ್ಕದು. ಜಾಝ್ ಗಾಯಕಿಯ ಕಿವಿ ಮತ್ತು ಲಯವನ್ನು ಅರವತ್ತರ ದಶಕದ ಸೋಲ್ (ಕಪ್ಪು ಅಮೆರಿಕನ್ನರ ಭಾವತೀವ್ರ ಜನಪ್ರಿಯ ಸಂಗೀತ) ಹಾಡಿನ ಬಿಗಿಯಾದ ಮೂರೂವರೆ ನಿಮಿಷದೊಳಗೆ ಕೂರಿಸಿದವಳು ಆಕೆ, ಅದೂ ತನ್ನದೇ ಸಾಹಿತ್ಯದಲ್ಲಿ. ಈ ಮೂರೂ ಒಬ್ಬರಲ್ಲೇ ಸಿಗುವುದು ಅಪರೂಪ.

ಜಾಝ್ ಆಕೆಗೆ ಹೊರಗಿನಿಂದ ಬಂದದ್ದಲ್ಲ. 1983ರಲ್ಲಿ ಉತ್ತರ ಲಂಡನ್ನಿನ ಯಹೂದಿ ಕುಟುಂಬದಲ್ಲಿ ಹುಟ್ಟಿದವಳು. ತಾಯಿಯ ಕಡೆಯವರಲ್ಲಿ ವೃತ್ತಿಪರ ಜಾಝ್ ವಾದಕರಿದ್ದರು, ಅಪ್ಪನ ತಾಯಿ ಸಿಂಥಿಯಾ ಗಾಯಕಿ. ಹದಿಹರೆಯದಲ್ಲೇ ನ್ಯಾಷನಲ್ ಯೂತ್ ಜಾಝ್ ಆರ್ಕೆಸ್ಟ್ರಾ ಜೊತೆ ಹಾಡಿದಳು. ಅಮೆರಿಕದ ಜಾಝ್ ಗಾಯಕಿಯರಾದ ಸಾರಾ ವಾನ್, ಡೈನಾ ವಾಷಿಂಗ್ಟನ್ ಅವರನ್ನು ಕೇಳಿ ಕೇಳಿ ಕಲಿತ ಪಾಠ 2003ರ ಮೊದಲ ಆಲ್ಬಮ್ 'ಫ್ರ್ಯಾಂಕ್'ನಲ್ಲಿ ನೇರವಾಗಿ ಕೇಳಿಸುತ್ತದೆ. ಇದರ ಬಹುಪಾಲು ನಿರ್ಮಾಪಕ ಸಲಾಮ್ ರೆಮಿ, ಹಿಪ್‌ಹಾಪ್ ಕಡೆಯ ಮನುಷ್ಯ. ಹಾಗಾಗಿ ಕೆಳಗೆ ಹಿಪ್‌ಹಾಪ್ ಡ್ರಮ್, ಮೇಲೆ ಜಾಝ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ). ಅದರಲ್ಲಿರುವ 'ಮೂಡೀಸ್ ಮೂಡ್ ಫಾರ್ ಲವ್' ಕೇಳಿ. ಅದು ಮೂಲದಲ್ಲಿ ಹಾಡೇ ಅಲ್ಲ, ಸ್ಯಾಕ್ಸೊಫೋನ್ ವಾದಕ ಜೇಮ್ಸ್ ಮೂಡಿ ಮನೋಧರ್ಮದಲ್ಲಿ ನುಡಿಸಿದ್ದಕ್ಕೆ ಆಮೇಲೆ ಮಾತು ಕೂಡಿಸಿದ್ದು. ಸ್ಯಾಕ್ಸ್‌ನ ಏರಿಳಿತಗಳನ್ನೆಲ್ಲ ಗಂಟಲಲ್ಲೇ ತೆಗೆಯಬೇಕು. ಇಪ್ಪತ್ತರ ಹುಡುಗಿ ಅದನ್ನು ಸಲೀಸಾಗಿ ದಾಟುತ್ತಾಳೆ. ಆದರೂ ಈ ಆಲ್ಬಮ್ಮಿಗೆ ಒಂದು ದೋಷವಿದೆ: ಹೆಚ್ಚುಕಡಿಮೆ ಒಂದು ಗಂಟೆ ಉದ್ದ, ಹಾಡುಗಳು ಅಲ್ಲಲ್ಲಿ ಅಲೆದಾಡುತ್ತವೆ. ಗಂಟಲಿನ ಚಳಕ ಕೆಲವು ಕಡೆ ಹಾಡಿಗಿಂತ ಮುಂದೆ ಬಂದು ನಿಲ್ಲುತ್ತದೆ.

2006ರ 'ಬ್ಯಾಕ್ ಟು ಬ್ಲ್ಯಾಕ್' ಆ ಕೊಬ್ಬನ್ನೆಲ್ಲ ಕರಗಿಸಿತು. 11 ಹಾಡು, ಸುಮಾರು 35 ನಿಮಿಷ. ಆರು ಹಾಡಿನ ನಿರ್ಮಾಪಕ ಮಾರ್ಕ್ ರಾನ್ಸನ್, ಐದಕ್ಕೆ ಸಲಾಮ್ ರೆಮಿ. ಇಷ್ಟರಲ್ಲಿ ಏಮಿಯ ಕಿವಿ ಶಾಂಗ್ರಿ-ಲಾಸ್‌ನಂಥ ಅರವತ್ತರ ದಶಕದ ಹುಡುಗಿಯರ ತಂಡಗಳ ಕಡೆ ತಿರುಗಿತ್ತು. ರಾನ್ಸನ್ ತನ್ನ ಹಾಡುಗಳ ವಾದ್ಯಕ್ಕೆ ಕರೆದದ್ದು ಸೋಲ್ ಗಾಯಕಿ ಶರೋನ್ ಜೋನ್ಸ್ ಅವರ ತಂಡ ಡ್ಯಾಪ್-ಕಿಂಗ್ಸ್ ಅನ್ನು. ಜಾಗ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಡ್ಯಾಪ್‌ಟೋನ್ ಸ್ಟುಡಿಯೊ. ಅಲ್ಲಿ ಕಂಪ್ಯೂಟರ್ ಬದಲು ಟೇಪಿನ ಮೇಲೆ ಧ್ವನಿಮುದ್ರಣ. ವಾದಕರು ಒಟ್ಟಿಗೆ ಕೂತು ನುಡಿಸಿದರೆ ಡ್ರಮ್ಮಿನ ಸದ್ದು ಗಿಟಾರಿನ ಮೈಕಿಗೂ ಸೋರುತ್ತದೆ, ಒಬ್ಬರ ತಪ್ಪನ್ನು ಆಮೇಲೆ ಬಿಡಿಯಾಗಿ ತಿದ್ದುವುದು ಕಷ್ಟ. ಈ ಹಾಡುಗಳಿಗಿರುವ ಒರಟು ಮೈಯ ಗುಟ್ಟು ಇದೇ. ಹಳೆಯ ಸದ್ದನ್ನು ಫಿಲ್ಟರ್ ಹಾಕಿ ತಂದದ್ದಲ್ಲ.

ಶೀರ್ಷಿಕೆ ಹಾಡನ್ನೇ ಬಿಚ್ಚಿ ನೋಡಿ. ಡಿ ಮೈನರ್, ಜಿ ಮೈನರ್, ಬಿ ಫ್ಲ್ಯಾಟ್, ಎ ಸೆವೆನ್. ಚರಣದಲ್ಲಿ ಈ ನಾಲ್ಕೇ ಕಾರ್ಡ್ ಸುತ್ತುತ್ತವೆ. ಗಿಟಾರ್ ಕಲಿಯುವವರು ಒಂದು ವಾರದಲ್ಲಿ ನುಡಿಸಬಹುದು. ಎರಡು ನಿಮಿಷ ದಾಟಿದ ಮೇಲೆ ಡ್ರಮ್ ನಿಂತುಹೋಗುತ್ತದೆ. ಒಂದೇ ಪದ ಮತ್ತೆ ಮತ್ತೆ, ಹಿಂದೆ ಇಗರ್ಜಿಯ ಗಂಟೆಯಂಥ ಸದ್ದು. ಅಲ್ಲಿ ಆಕೆ ಧ್ವನಿ ಏರಿಸುವುದಿಲ್ಲ. ಏರಿಸಿದ್ದರೆ ಹಾಡು ಅಲ್ಲೇ ಕೆಡುತ್ತಿತ್ತು.

ಸಾಹಿತ್ಯದಲ್ಲೂ ಇದೇ ಮಿತವ್ಯಯ. ವಿರಹ, ನೋವು ಎಂಬ ದೊಡ್ಡ ಮಾತುಗಳ ಬದಲು ಅಡುಗೆಮನೆಯ ನೆಲ, ಮಡಚಿದ ಅಂಗಿ ತೋಳು, ತಲೆಬುರುಡೆಯ ಚಿತ್ರವಿರುವ ಟೀಶರ್ಟ್, ಚಿಪ್ಸ್ ಮತ್ತು ಪಿಟಾ ರೊಟ್ಟಿ. 'ಯು ನೋ ಐಯಾಮ್ ನೋ ಗುಡ್' ಒಂದರಲ್ಲೇ ಇವಿಷ್ಟೂ ಇವೆ. ಮೋಸ ಮಾಡಿದವಳು ತಾನೇ ಎಂದು ಒಪ್ಪಿಕೊಳ್ಳುವ ಹಾಡು ಅದು. ಪಾಪ್ ಸಂಗೀತದಲ್ಲಿ ಸಾಮಾನ್ಯವಾಗಿ ಮೋಸ ಮಾಡುವವನು ಬೇರೆಯವನೇ.

ಅಂದಹಾಗೆ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವ 'ವ್ಯಾಲರಿ' ಆಕೆ ಬರೆದದ್ದಲ್ಲ. ಅದು ಜೂಟನ್ಸ್ ಎಂಬ ಲಿವರ್‌ಪೂಲ್ ತಂಡದ ಹಾಡು. ಏಮಿ ಹಾಡಿದ್ದು ರಾನ್ಸನ್‌ನ 2007ರ ಆಲ್ಬಮ್ಮಿಗೆ. ಚೆನ್ನಾಗಿದೆ, ಆದರೆ ಅದರಿಂದ ಶುರು ಮಾಡಿದರೆ ಬರಹಗಾರ್ತಿ ಏಮಿ ಸಿಗುವುದೇ ಇಲ್ಲ.

ಆಕೆಯ ಪತನ ಎಲ್ಲರಿಗೂ ಗೊತ್ತಿರುವ ಕಥೆ. ಗ್ರ್ಯಾಮಿ ರಾತ್ರಿ ಆಕೆ ಲಾಸ್ ಏಂಜಲೀಸ್‌ನಲ್ಲಿ ಇರಲಿಲ್ಲ; ಅಮೆರಿಕದ ವೀಸಾ ಮೊದಲು ನಿರಾಕರಣೆಯಾಗಿ, ಕೊನೆಗೆ ಸಿಕ್ಕಾಗ ತಡವಾಗಿತ್ತು. ಲಂಡನ್ನಿನಿಂದ ಉಪಗ್ರಹದ ಮೂಲಕ ಹಾಡಿದಳು. 2011ರ ಜೂನ್‌ನಲ್ಲಿ ಬೆಲ್‌ಗ್ರೇಡ್‌ನ ವೇದಿಕೆಯಲ್ಲಿ ಹಾಡಲಾಗದೆ ಪ್ರವಾಸವೇ ರದ್ದಾಯಿತು. ಸಾವಿನ ಕಾರಣದ ಬಗ್ಗೆ ಈಗಲೂ ಡ್ರಗ್ಸ್ ಎನ್ನುವವರಿದ್ದಾರೆ. ವಿಚಾರಣೆಯಲ್ಲಿ ಹೊರಬಂದದ್ದು ಮದ್ಯ: 100 ಮಿಲಿಲೀಟರ್ ರಕ್ತದಲ್ಲಿ 416 ಮಿಲಿಗ್ರಾಂ. ಇಂಗ್ಲೆಂಡಿನಲ್ಲಿ ಗಾಡಿ ಓಡಿಸಲು ಇರುವ ಮಿತಿ 80. ಕೆಲಕಾಲ ಬಿಟ್ಟಿದ್ದು ಮತ್ತೆ ಕುಡಿದಿದ್ದಳು.

ಮೂರನೇ ಆಲ್ಬಮ್ ಎಲ್ಲಾದರೂ ಇದೆಯೇ ಎಂದರೆ, ಇಲ್ಲ. ಉಳಿದಿದ್ದ ಡೆಮೊಗಳನ್ನು (ಕರಡು ಧ್ವನಿಮುದ್ರಣಗಳನ್ನು) ನಾಶಮಾಡಿದ್ದಾಗಿ ಆಕೆಯ ಆಲ್ಬಮ್ ಹೊರತಂದ ಯೂನಿವರ್ಸಲ್ ಕಂಪನಿಯ ಬ್ರಿಟನ್ ಮುಖ್ಯಸ್ಥರು 2015ರಲ್ಲಿ ಹೇಳಿದರು. ಬೇರೆಯವರು ಸೇರಿಸಿ ಹೊಲಿದು ಮಾರಬಾರದು ಎಂಬ ಉದ್ದೇಶ. ನನಗಂತೂ ಸರಿ ಎನಿಸುತ್ತದೆ.

ಎಲ್ಲಿಂದ ಕೇಳಬೇಕು? ಮೊದಲು 'ಬ್ಯಾಕ್ ಟು ಬ್ಲ್ಯಾಕ್' ಪೂರ್ತಿ, ಕ್ರಮ ತಪ್ಪಿಸದೆ. ಫೋನಿನ ಸ್ಪೀಕರ್ ಬೇಡ. ಬೇಸ್ ಗಿಟಾರ್ ಮತ್ತು 'ರಿಹ್ಯಾಬ್'ನ ಬ್ಯಾರಿಟೋನ್ ಸ್ಯಾಕ್ಸ್ ಅದರಲ್ಲಿ ಕೇಳಿಸುವುದೇ ಇಲ್ಲ, ಆಗ ಹಾಡು ಬರೀ ಪಾಪ್ ಎನಿಸುತ್ತದೆ. ಆಮೇಲೆ ಅದರಲ್ಲೇ ಇರುವ 'ಟಿಯರ್ಸ್ ಡ್ರೈ' ಹಾಡಿನ ಎರಡು ರೂಪ ಪಕ್ಕಪಕ್ಕ ಇಟ್ಟು ಕೇಳಿ. 2011ರ 'ಲಯನೆಸ್' ಸಂಕಲನದಲ್ಲಿರುವುದು ಮೂಲದ ನಿಧಾನ ರೂಪ. 'ಬ್ಯಾಕ್ ಟು ಬ್ಲ್ಯಾಕ್'ನಲ್ಲಿರುವ ರೂಪ ಆಶ್‌ಫರ್ಡ್-ಸಿಂಪ್ಸನ್ ಜೋಡಿ ಅಮೆರಿಕದ ಸೋಲ್ ಸಂಗೀತ ಕಂಪನಿ ಮೋಟೌನ್‌ಗೆ ಬರೆದ ಹಳೆಯ ಹಾಡಿನ ಅಡಿಪಾಯದ ಮೇಲೆ ನಿಂತದ್ದು, ಅದಕ್ಕೇ ಕರ್ತೃಗಳ ಪಟ್ಟಿಯಲ್ಲಿ ಅವರ ಹೆಸರೂ ಇದೆ. ಸಾಹಿತ್ಯ ಅದೇ; ಒಂದರಲ್ಲಿ ಅಳು, ಇನ್ನೊಂದರಲ್ಲಿ ಅಳು ಕೊಡವಿಕೊಂಡು ಹೊರಟ ನಡಿಗೆ. ಕೊನೆಗೆ 2006ರ ಡಿಸೆಂಬರ್‌ನಲ್ಲಿ ಐರ್ಲೆಂಡಿನ ಡಿಂಗಲ್ ಊರಿನ ಪುಟ್ಟ ಚರ್ಚಿನಲ್ಲಿ ಹಾಡಿದ್ದರ ವಿಡಿಯೊ. ಡೇಲ್ ಡೇವಿಸ್‌ನ ಬೇಸ್, ರಾಬಿನ್ ಬ್ಯಾನರ್ಜಿಯ ಗಿಟಾರ್, ಅಷ್ಟೇ ಪಕ್ಕವಾದ್ಯ.

ಹಾಡಲು ಹೊರಟವರು ಎಡವುವುದು ಎರಡು ಕಡೆ. ಆಕೆಯದು ಕಾಂಟ್ರಾಲ್ಟೊ, ಅಂದರೆ ತಗ್ಗಿನ ಹೆಣ್ಣುದನಿ; ಶ್ರುತಿಯನ್ನು ಮೂರ್ನಾಲ್ಕು ಮನೆ ಏರಿಸಿಕೊಂಡರೆ ಹಾಡಿನ ತೂಕ ಹೋಗುತ್ತದೆ. ಎರಡನೆಯದು ಲಯ. ಆಕೆ ಪದವನ್ನು ಪೆಟ್ಟಿಗಿಂತ ಕೂದಲೆಳೆಯಷ್ಟು ತಡವಾಗಿ ಇಟ್ಟು, ಸಾಲಿನ ಕೊನೆಯಲ್ಲಿ ಹಿಡಿದೆಳೆಯದೆ ಕೈಬಿಡುತ್ತಾಳೆ. ನಮ್ಮವರು ಅದನ್ನು ಪೆಟ್ಟಿಗೆ ಸರಿಯಾಗಿ ಕೂರಿಸಿ, ಕೊನೆಗೊಂದು ಗಮಕವನ್ನೂ ಹಾಕಿಬಿಡುತ್ತಾರೆ. ಮೊದಲು ಹಾಡನ್ನು ತಾಳ ಹಾಕಿಕೊಂಡು ಬರೀ ಮಾತಿನಂತೆ ಹೇಳಿ ನೋಡಿ, ಎಲ್ಲಿ ತಡವಾಗುತ್ತದೆ ಎಂದು ಗುರುತು ಮಾಡಿಕೊಳ್ಳಿ, ರಾಗ ಆಮೇಲೆ.