ಕಣಕುಂಬಿಯ ಹಾಸುಗಲ್ಲಿನಿಂದ ಡೋಣಿ ಹೊಳೆಯ ದಂಡೆಗೆ: ಹುಲ್ಲಿನ ಎಲೆ ನೋಡುತ್ತ ಮೂರು ದಿನ

ಈ ದಾರಿ ಹಿಡಿಯುವವರು ಸೆಪ್ಟೆಂಬರ್ ಕೊನೆಯ ವಾರ ಆರಿಸಿಕೊಳ್ಳಿ. ಜುಲೈನಲ್ಲಿ ಕಣಕುಂಬಿಯ ಮಳೆ, ಮಂಜಿನಲ್ಲಿ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ. ವಿಜಯಪುರದ ಕಡೆ ಹುಲ್ಲು ಇನ್ನೂ ಎದ್ದಿರುವುದಿಲ್ಲ. ದೀಪಾವಳಿ ದಾಟಿದರೆ ಪಶ್ಚಿಮದ ಹಾಸುಗಲ್ಲಿನ ಮೇಲೆ ಬರೀ ಒಣಕಡ್ಡಿ. ಎರಡೂ ತುದಿಯಲ್ಲಿ ಒಟ್ಟಿಗೆ ಹಸಿರು ಸಿಗುವುದು ನಡುವಿನ ಕೆಲವೇ ವಾರ.

ನಾನು ಬಾಗಲಕೋಟೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವಳು. ಮಳೆ ಹೆಚ್ಚಿದ್ದಲ್ಲಿ ಎಲೆ ಅಗಲ, ಮೆತ್ತಗೆ. ಕಡಿಮೆ ಇದ್ದಲ್ಲಿ ಸಣ್ಣ, ಗಡುಸು ಎಂದು ವರ್ಷಾ ವರ್ಷಾ ಹೇಳುತ್ತಲೇ ಬಂದಿದ್ದೆ. ಅದನ್ನು ಕಣ್ಣಾರೆ ನೋಡಬೇಕೆಂದು ತಮ್ಮನ ಜೊತೆ ಅವನ ಕಾರಿನಲ್ಲಿ ಹೊರಟೆ. ಹಿಂದಿನ ರಾತ್ರಿ ಬೆಳಗಾವಿಯಲ್ಲಿ ತಂಗಿ, ನಸುಕಿನಲ್ಲಿ ಜಾಂಬೋಟಿ ಮೇಲೆ ಹಾಯ್ದು ಕಣಕುಂಬಿ ಸೇರಿದೆವು. ಬಸ್ಸಿನಲ್ಲೂ ಹೋಗಬಹುದು, ಆದರೆ ಬೇಕಾದಲ್ಲಿ ಇಳಿದು ಕೂರಲು ಆಗುವುದಿಲ್ಲ. ಈ ಪ್ರವಾಸದ ಸಾರವೆಲ್ಲ ಇರುವುದು ಕೆಳಗೆ ಕೂತು ನೋಡುವುದರಲ್ಲೇ.

ಸಾಮಾನು ಹೆಚ್ಚೇನೂ ಬೇಡ. ಒಂದು ಭೂತಗನ್ನಡಿ, ಸ್ಕೇಲು, ಗ್ರಾಫ್ ಹಾಳೆ, ಪೆನ್ಸಿಲು, ಹಳೆಯ ಪೇಪರು. ಬಿತ್ತದ ಮೊನೆ ಬಟ್ಟೆಗೆ ನಾಟುವ ಹುಲ್ಲು ದಾರಿಯುದ್ದಕ್ಕೂ ಇದೆ. ಒದ್ದೆಯಾದಾಗ ಅದರ ತಿರುಚಿದ ಬಾಲ ಬಿಚ್ಚಿಕೊಳ್ಳುತ್ತ ತಿರುಗಿ ಮೊನೆಯನ್ನು ಮಣ್ಣಿಗೆ ಕೊರೆಯುತ್ತದೆ, ಹಾಗೇ ನಮ್ಮ ಕಾಲುಚೀಲಕ್ಕೂ. ದಪ್ಪ ಪ್ಯಾಂಟು, ಬೂಟು ಹಾಕಿಕೊಳ್ಳಿ. ಬಾದಾಮಿಯ ಬಂಡೆ ಸಂದಿಯಲ್ಲಿ ಮಂಡಲದ ಹಾವು ಇರುತ್ತದೆ, ಕೈಯಲ್ಲೊಂದು ಕೋಲಿರಲಿ. ಭೀಮಗಡದಲ್ಲಾಗಲಿ, ಚಿಂಕಾರಗಳಿರುವ ಯಡಹಳ್ಳಿ ವನ್ಯಧಾಮದಲ್ಲಾಗಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಕೀಳಬೇಡಿ.

ಕಣಕುಂಬಿ ಮಲಪ್ರಭೆಯ ಹುಟ್ಟೂರು. ವರ್ಷಕ್ಕೆ ಹಲವು ಸಾವಿರ ಮಿಲಿಮೀಟರ್ ಮಳೆ. ಇಲ್ಲಿ ಹುಲ್ಲೆಂದರೆ ಬಾಳೆಯಂತೆ ಸೊಂಪಾಗಿರಬೇಕು ಅಂದುಕೊಂಡಿದ್ದೆ. ಕಣಿವೆಯ ಬದಿಯಲ್ಲಿ ಇತ್ತು ಕೂಡ. ಆದರೆ ಜಂಬಿಟ್ಟಿಗೆಯ ಹಾಸಿನ ಮೇಲೆ ಕಾಲಿಟ್ಟರೆ ಬೇರೆಯೇ ಲೋಕ. ಹುಲ್ಲು ಗೇಣುದ್ದ, ಎಲೆ ಕಿರಿದು, ಬೆರಳಿಗೆ ಬಿರುಸು. ಮಲೆನಾಡಿನ ಮಳೆಯಲ್ಲಿ ಬಯಲುಸೀಮೆಯ ಎಲೆ!

ಕಲ್ಲಿನ ಮೇಲೆ ಮಣ್ಣು ನಾಲ್ಕು ಬೆರಳು ದಪ್ಪ ಇದ್ದರೆ ಹೆಚ್ಚು. ಸುರಿದ ನೀರೆಲ್ಲ ಹರಿದುಹೋಗುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಬೇರಿಗೆ ಬರಗಾಲ. ಅದಕ್ಕಿಂತ ದೊಡ್ಡ ಕೊರತೆ ಗೊಬ್ಬರದ್ದು. ಲಕ್ಷಾಂತರ ವರ್ಷದ ಮಳೆ ಸಾರವನ್ನೆಲ್ಲ ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳನ್ನು ಉಳಿಸಿದೆ. ಅವು ರಂಜಕವನ್ನು ಬೇರಿಗೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತವೆ. ಇಂಥಲ್ಲಿ ಕಷ್ಟಪಟ್ಟು ಕಟ್ಟಿದ ಎಲೆಯನ್ನು ಗಿಡ ಬೇಗ ಉದುರಿಸಲಾರದು. ಬಾಳಿಕೆ ಬರುವಂತೆ ದಪ್ಪಗೆ, ನಾರು ತುಂಬಿ ಕಟ್ಟುತ್ತದೆ. ನೀರು ನಿಂತ ಗುಳಿಯ ಅಂಚಿನಲ್ಲಿ ಮಂಡಿಯೂರಿ ಹುಡುಕಿ, ದ್ರೊಸೆರಾ ಎಂಬ ಕೀಟ ಹಿಡಿಯುವ ಗಿಡ ಕಾಣಿಸಬಹುದು. ಕೆಂಪು ರೋಮಗಳ ತುದಿಯಲ್ಲಿ ಅಂಟಿನ ಹನಿ ಹೊತ್ತ ಪುಟ್ಟ ಎಲೆ. ಮಣ್ಣು ಕೊಡದ ಸಾರಜನಕವನ್ನು ನೊಣ, ಸೊಳ್ಳೆ ಹಿಡಿದು ಗಳಿಸುತ್ತದೆ. ಮಣ್ಣಿನ ಬಡತನ ಎಲೆಯ ರೂಪವನ್ನು ಎಷ್ಟು ದೂರ ಎಳೆದೊಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ನೋಡಿಲ್ಲ. ಅರ್ಧ ದಿನ ಅಲ್ಲೇ ಕಳೆದೆವು. ನೀವು ಪೂರ್ತಿ ದಿನ ಇಟ್ಟುಕೊಳ್ಳಿ.

ಇಲ್ಲಿ ಒಂದು ತಪ್ಪು ಮಾಡಿದೆ. ಕಿತ್ತ ಎಲೆಗಳನ್ನು ಹಾಗೇ ಚೀಲಕ್ಕೆ ಹಾಕಿದೆ. ಬೆಳಗಾವಿ ತಲುಪುವಷ್ಟರಲ್ಲಿ ಎಲ್ಲ ಸುರುಳಿ ಸುತ್ತಿ, ಅಗಲ ಅಳೆಯಲು ಬರದಂತಾದವು. ಒದ್ದೆ ಪೇಪರಿನಲ್ಲಿ ಸುತ್ತಿ ಒಯ್ಯಿರಿ. ಸಾಧ್ಯವಾದರೆ ಕಿತ್ತಲ್ಲೇ ಗ್ರಾಫ್ ಹಾಳೆಯ ಮೇಲಿಟ್ಟು ಅಂಚು ಬರೆದುಕೊಳ್ಳಿ.

ಮರುದಿನ ಯರಗಟ್ಟಿ, ಲೋಕಾಪುರದ ಮೇಲೆ ಬಾದಾಮಿ. ದಾರಿಯಲ್ಲಿ ಕಬ್ಬು, ಗೋವಿನಜೋಳವೇ ಹೆಚ್ಚು, ಹುಲ್ಲಿಗಾಗಿ ನಿಲ್ಲಬೇಕಿಲ್ಲ.

ಬಾದಾಮಿ ಮುಟ್ಟಿದಾಗ ಮಧ್ಯಾಹ್ನ. ಕೆಂಪು ಮರಳುಗಲ್ಲಿನ ಮಡ್ಡಿಯ, ಅಂದರೆ ಕಲ್ಲು ದಿಬ್ಬದ ಮೇಲೆ ಹುಲ್ಲಿನ ಎಲೆಗಳೆಲ್ಲ ಉದ್ದಕ್ಕೆ ಮಡಚಿ ಸೂಜಿಯಂತಾಗಿದ್ದವು. "ಬರದ ಎಲೆ" ಎಂದು ಬರೆದುಕೊಂಡೆ. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು ನೋಡಿದರು.

"ಅದನ್ನ ಪಟ್ಟೀಲೆ ಯಾಕ ಅಳೀತೀರಿ ಅಕ್ಕಾರ, ಕುರೀನ್ನ ಕೇಳ್ರಿ. ಮಡ್ಡಿ ಹುಲ್ಲ ಎಳೀದಿದ್ದಾಗಷ್ಟ ಮುಟ್ತಾವು. ತೆನಿ ಬಿಟ್ತಂದ್ರ ಮೂಸಿ ನೋಡಿ ಮುಂದ ಹೊಕ್ಕಾವು. ಎರಿ ಬದುವಿನ ಹುಲ್ಲ ಹಂಗಲ್ಲ, ಬಲಿತ್ರೂ ಬಿಡಂಗಿಲ್ಲ. ಮುಂಜಾನಿ ಬರ್ರಿ, ಇದ ಹುಲ್ಲ ಹೆಂಗ ಬಿಚ್ಚಿಕೊಂಡಿರ್ತೈತಿ ನೋಡ್ರಿ."

ಎರಿ ಎಂದರೆ ಕರಿಮಣ್ಣಿನ ಹೊಲ. ಅವರ ಮಾತಿನಂತೆ ರಾತ್ರಿ ಅಲ್ಲೇ ಉಳಿದು, ಸೂರ್ಯ ಹುಟ್ಟುವ ಮೊದಲೇ ಅದೇ ಜಾಗಕ್ಕೆ ಹೋದೆವು. ಎಲೆಗಳೆಲ್ಲ ಅಂಗೈಯಂತೆ ಬಿಚ್ಚಿಕೊಂಡಿದ್ದವು. ಹುಲ್ಲಿನ ಎಲೆಯ ಮೇಲ್ಪದರದಲ್ಲಿ ಉಬ್ಬಿದ ದೊಡ್ಡ ಜೀವಕೋಶಗಳ ಸಾಲಿದೆ. ನೀರು ಕಡಿಮೆಯಾದಾಗ ಅವು ಕುಗ್ಗಿ ಎಲೆ ಸುತ್ತಿಕೊಳ್ಳುತ್ತದೆ, ರಾತ್ರಿ ನೀರು ತುಂಬಿ ಬಿಚ್ಚಿಕೊಳ್ಳುತ್ತದೆ. ಬೆಳಗಿನ ಕಣಕುಂಬಿಯನ್ನು ಮಧ್ಯಾಹ್ನದ ಬಾದಾಮಿಯ ಜೊತೆ ಹೋಲಿಸಿದ್ದು ನನ್ನ ದೊಡ್ಡ ತಪ್ಪು. ಎಲ್ಲ ಕಡೆ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ; ಪೂರ್ತಿ ಬಿಚ್ಚಿದ, ನೆರಳಿಲ್ಲದ, ದನ ಕಚ್ಚದ ಎಲೆ ಆರಿಸಿ. ಸುರುಳಿ ಗಂಟೆಗೊಂದು ರೂಪ ತಾಳುತ್ತದೆ. ದಪ್ಪ, ರೋಮ, ನರಗಳ ಅಂತರ ಹಾಗೆ ಬದಲಾಗುವುದಿಲ್ಲ.

ಮೂರನೆಯ ದಿನ ಕೃಷ್ಣೆಯ ಉದ್ದನೆಯ ಸೇತುವೆ ದಾಟಿ ಕೊಲ್ಹಾರ. ಅಲ್ಲಿನ ಗಡಿಗೆ ಮೊಸರು ತಿನ್ನದೆ ಮುಂದೆ ಹೋಗಬೇಡಿ. ವಿಜಯಪುರದ ಮಳೆ 600 ಮಿಲಿಮೀಟರ್ ಆಸುಪಾಸು, ಬಾದಾಮಿಯದೂ ಹೆಚ್ಚು ಕಡಿಮೆ ಅಷ್ಟೇ. ಬದಲಾಗಿದ್ದು ಮಣ್ಣು ಮಾತ್ರ, ಆ ಕಾರಣಕ್ಕೇ ಈ ಎರಡೂ ಊರು ನಿಮ್ಮ ಪಟ್ಟಿಯಲ್ಲಿ ಇರಲೇಬೇಕು.

ಎರಿ ಹೊಲದ ಬದುವಿನಲ್ಲಿ ಕೂತು ನೋಡಿದೆ. ಎಲೆ ಉದ್ದ, ಅಗಲ, ಬಳುಕುವಷ್ಟು ಮೆತ್ತಗೆ. ಕಣಕುಂಬಿಯ ಹಾಸಿನ ಎಲೆಗಿಂತ ಇದು ಎಷ್ಟೋ ಸೊಂಪು! ಕರಿಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಮಳೆ ಹೋದ ಎಷ್ಟೋ ವಾರ ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಬಿಳಿಜೋಳ ಅದರ ಮೇಲೆಯೇ ಬದುಕುವುದು. "ಡೋಣಿ ಹರಿದರೆ ಓಣಿಯೆಲ್ಲ ಜೋಳ" ಎಂಬ ಮಾತು ಈ ಮಣ್ಣಿನದೇ. ಆದರೆ ಡೋಣಿಯ ದಂಡೆಯ ಸವಳು ನೆಲಕ್ಕೆ ಇಳಿದರೆ ಎಲೆ ಮತ್ತೆ ಬದಲು: ಗೋಳಿ ಪಲ್ಯದಂತೆ ತಿರುಳು ತುಂಬಿ, ಒಳಗೆ ನೀರು ಕೂಡಿಟ್ಟುಕೊಂಡ ಗಿಡಗಳು. ಉಪ್ಪಿನ ನಡುವೆ ಬೇರಿಗೆ ನೀರೆಳೆಯುವುದೇ ಕಷ್ಟ. ಮಳೆ ಬಂದ ದಿನ ಮಾತ್ರ ಎರಿ ಹೊಲಕ್ಕೆ ಗಾಡಿ ಇಳಿಸಬೇಡಿ. ನಮ್ಮನ್ನು ಟ್ರ್ಯಾಕ್ಟರಿನಲ್ಲಿ ಎಳೆಸಬೇಕಾಯಿತು.

ಮನೆಗೆ ಬಂದು ಎಲೆಗಳನ್ನು ಬಿಸಿಲಿಗೆ ಗರಿಗರಿ ಒಣಗಿಸಿ ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿದೆ. ಅಡುಗೆಮನೆಯ ತಕ್ಕಡಿಗೆ ಒಂದು ಎಲೆಯ ಭಾರ ಗೊತ್ತಾಗುವುದಿಲ್ಲ. ಗ್ರಾಫ್ ಹಾಳೆಯಲ್ಲಿ ಎಣಿಸಿದ ವಿಸ್ತೀರ್ಣವನ್ನು ಒಣ ತೂಕದಿಂದ ಭಾಗಿಸಿದರೆ ಎಲೆ ಎಷ್ಟು ತೆಳು ಎಂಬ ಲೆಕ್ಕ ಸಿಗುತ್ತದೆ. 2004ರಲ್ಲಿ ಜಗತ್ತಿನ 175 ಕಡೆಗಳ 2,548 ಜಾತಿಯ ಗಿಡಗಳನ್ನು ಹೋಲಿಸಿದ ವಿಜ್ಞಾನಿಗಳು, ಬೇಗ ಗಳಿಸಿ ಬೇಗ ಉದುರುವ ತೆಳು ಎಲೆಯಿಂದ ನಿಧಾನ ಗಳಿಸಿ ಹೆಚ್ಚು ಬಾಳುವ ದಪ್ಪ ಎಲೆಯವರೆಗೆ ಒಂದೇ ಸಾಲು ಎಳೆದು ತೋರಿಸಿದ್ದು ಇದೇ ಬಗೆಯ ಅಳತೆಯಿಂದ. ನನ್ನ ಲೆಕ್ಕದಲ್ಲಿ ಎರಿ ಬದುವಿನ ಎಲೆ ತೆಳು ತುದಿಗೆ, ಕಣಕುಂಬಿಯ ಹಾಸಿನದೂ ಬಾದಾಮಿ ಮಡ್ಡಿಯದೂ ದಪ್ಪ ತುದಿಗೆ, ಅಕ್ಕಪಕ್ಕ ಬಂದು ಕೂತವು. ತಗಡಿನ ಮೇಲೆ ಒಂದೇ ಚಿಟಿಕೆ ಒಣಹುಲ್ಲು ಇಡುತ್ತ ಆ ಅಂಗಡಿಯವರು ತೋರಿಸಿದ ತಾಳ್ಮೆಗೆ ನಾನು ಋಣಿ.

ರಸ್ತೆ ಬದಿಯ ಕರಿಕೆಯ ಬೇರುಸಹಿತ ತುಂಡುಗಳನ್ನು ಮೂರೂ ಕಡೆಯಿಂದ ತಂದಿದ್ದೆ. ಈ ಎಲೆ ಹುಟ್ಟುಗುಣವೋ, ಮಣ್ಣು ಮಾಡಿಸಿದ್ದೋ ತಿಳಿಯಬೇಕಾದರೆ ಒಂದೇ ಮಣ್ಣು, ಒಂದೇ ನೀರಿನಲ್ಲಿ ಬೆಳೆಸಿ ನೋಡಬೇಕು. ನಮ್ಮ ಶಾಲೆಯ ಅಂಗಳದಲ್ಲಿ ಮೂರು ಕುಂಡಗಳಿವೆ. ಕಣಕುಂಬಿಯ ಕುಂಡದಲ್ಲಿ ಹೊಸದಾಗಿ ಬಂದ ಎಲೆಗಳು ಹಳೆಯವಕ್ಕಿಂತ ಆಗಲೇ ಉದ್ದ. ಮಕ್ಕಳು ದಿನಾ ಪ್ರಾರ್ಥನೆಗೆ ಮುಂಚೆ ಸ್ಕೇಲು ಹಿಡಿದು ಅಲ್ಲಿ ಕೂತಿರುತ್ತಾರೆ.